ಹಕ್ಕಿಗೂ ಆಗದ ಅಕ್ಕಿ

ರೈಟರ ತಿಥಿ ಊಟದಲ್ಲಿ ಎಲೆ ಮುಂದೆ ಕೂತವರೆಲ್ಲ ಅವರನ್ನು ಹೊಗಳಿದ್ದೇ ಹೊಗಳಿದ್ದು. ದೇವರಂಥ ಮನುಷ್ಯ ಅಂದರು ಒಬ್ಬರು. ಹಕ್ಕಿಗಳನ್ನು ಹೆತ್ತ ಮಕ್ಕಳ ಹಾಗೆ ಸಾಕಿದರು ಅಂದರು ಇನ್ನೊಬ್ಬರು. ಪಾಯಸ ಎರಡನೆಯ ಸಲ ಬರುವ ಹೊತ್ತಿಗೆ ಅವರಿಗೆ ಗಡ್ಡ ಜಡೆ ಬೆಳೆಸಿ ಋಷಿಯನ್ನೇ ಮಾಡಿಬಿಟ್ಟಿದ್ದರು. ನನ್ನ ಬಾಯಲ್ಲಿ ವಡೆ ಇತ್ತು.

ಆನೇಮಹಲಿನ ರಸ್ತೆ ಬದಿಯಲ್ಲಿ ಅವರ ಬೇಲಿಗೆ ನಮ್ಮ ಬೇಲಿ ಅಂಟಿಕೊಂಡಿತ್ತು. ಅವರ ಮನೆಯಲ್ಲಿ ಸೀನಿದರೆ ನಮ್ಮ ಮನೆಯಲ್ಲಿ ಕೇಳುತ್ತಿತ್ತು. ಹೆತ್ತ ಮಕ್ಕಳ ಹಾಗೆ ಸಾಕಿದರಂತೆ! ರೈಟರು ಹಕ್ಕಿ ಸಾಕಿದ್ದು ಎಸ್ಟೇಟಿನವರು ಆಳು ಸಾಕುವ ಹಾಗೆ. ಹೊತ್ತಿಗೆ ಸರಿಯಾಗಿ ಕರೆಯುವುದು, ಅಳತೆಗೆ ಸರಿಯಾಗಿ ಹಾಕುವುದು, ಗಲಾಟೆ ಮಾಡಿದರೆ ಬೈಯುವುದು. ಪ್ರೀತಿ ಗೀತಿ ನಾನು ಕಾಣೆ.

ಅವರಿಗೂ ಒಂದು ಹೆಸರಿತ್ತು, ಆದರೆ ಯಾರ ನಾಲಿಗೆಗೂ ಅದು ಬರುತ್ತಿರಲಿಲ್ಲ. ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ತಲೆ ಹಣ್ಣಾಗುವವರೆಗೂ ಸ್ಟೋರ್ ರೈಟರಾಗಿ ಉಗ್ರಾಣದ ಲೆಕ್ಕ ಬರೆದು, ಆಮೇಲೆ ನಮ್ಮ ಪಕ್ಕ ಬಂದು ಮನೆ ಕಟ್ಟಿದರು. ಕೆಲಸ ಬಿಟ್ಟರೂ ಖಾಕಿ ಚಡ್ಡಿ ಬಿಡಲಿಲ್ಲ. ಮಕ್ಕಳಿರಲಿಲ್ಲ. ಹೆಂಡತಿಯನ್ನು ಊರೆಲ್ಲ ರೈಟ್ರಮ್ಮ ಅನ್ನುತ್ತಿತ್ತು. ಆಕೆ ಬಾಯಿಬಡಕಿ, ಒಳ್ಳೆಯ ಹೆಂಗಸು. ರೈಟರು ಮಾತ್ರ ಮನೆಗೆ ಹೋದವರಿಗೆ ಕೂತ್ಕಳಿ ಅಂದದ್ದನ್ನು ನಾನು ಕೇಳಿಲ್ಲ. ಕಾಫಿ ಸೀಮೆಯಲ್ಲಿ ಇಷ್ಟು ವರ್ಷ ಇದ್ದೇನೆ, ಪಕ್ಕದ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದದ್ದು ಅವರು ಊರಲ್ಲಿಲ್ಲದ ದಿನ ಮಾತ್ರ.

ಬೆಳಿಗ್ಗೆ ಎದ್ದರೆ ಅವರ ಹಿತ್ತಲಲ್ಲಿ ಠಣ್ ಠಣ್ ಅಂತ ಶುರುವಾಗುತ್ತಿತ್ತು. ಎಸ್ಟೇಟಿನಲ್ಲಿ ಆಳುಗಳನ್ನು ಲೈನು ಮನೆಗಳಿಂದ ಕೆಲಸಕ್ಕೆ ಕರೆಯಲು ಕಬ್ಬಿಣ ಬಡಿಯುತ್ತಾರಲ್ಲ, ಅದೇ. ಹಳೆಯ ಹಾರೆಯ ತುಂಡೊಂದನ್ನು ಸೀಬೆ ಮರಕ್ಕೆ ನೇತುಹಾಕಿ ರೈಟರು ಬಡಿಯುವುದು, ಗುಬ್ಬಿ, ಗೊರವಂಕ, ಪಿಕಳಾರ ಎಲ್ಲ ಬಂದು ಇಳಿಯುವುದು. ಅವಕ್ಕೆ ಹುದ್ದೆಯೂ ಕೊಟ್ಟಿದ್ದರು. ಗೊರವಂಕ ಮೇಸ್ತ್ರಿ. ಜುಟ್ಟು ಬಿಟ್ಟ ಪಿಕಳಾರ ಟೋಪಿ ದೊರೆ. ಹರಟೆಮಲ್ಲಗಳು ಗುಂಪಾಗಿ ಬಂದು ಕಿರುಚಿದರೆ, “ಬಂದ್ರು ನೋಡು, ಏಳ್ ಜನ ಬಂದು ಒಬ್ರೂ ಕೆಲ್ಸ ಮಾಡಲ್ಲ” ಅನ್ನುವರು. ಕಾಗೆಗೆ, “ಇಲ್ಲಿ ಆಜ್ರಿ ಆಕ್ಸಿ ಬೇರೆ ತೋಟಕ್ಕೆ ಓಯ್ತೀಯಲ್ಲ, ಕಳ್ನನ್ಮಗ್ನೆ” ಎಂದು ಮುಖಕ್ಕೆ ನೀರು ಎರಚುವರು.

ಇಲ್ಲೊಂದು ಮಾತು ಹೇಳಿಬಿಡಬೇಕು. ನಮ್ಮ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹಾಲು ಆಲು, ಹೂವು ಊವು. ಹಾಗೆಯೇ ಹಾರುವ ಹಕ್ಕಿಯೂ ಅಕ್ಕಿ, ಬೇಯಿಸುವ ಅಕ್ಕಿಯೂ ಅಕ್ಕಿ. ನಮಗೆ ಇದರಿಂದ ತೊಂದರೆಯೇನೂ ಇಲ್ಲ. ಅಕ್ಕಿ ಐತೆ ಅಂದರೆ ಬೇಯಿಸುವುದು, ಅಕ್ಕಿ ಅವೆ ಅಂದರೆ ಹಾರುವುದು. ಎಮ್ಮೆ ಕಾಯುವ ಹುಡುಗರಿಗೂ ಇದು ಗೊತ್ತು. ಸರ್ಕಾರಕ್ಕೆ ಗೊತ್ತಿರಲಿಲ್ಲ, ಅದು ಆಮೇಲಿನ ಕತೆ.

ರೈಟರ ಹುಚ್ಚು ಇದ್ದದ್ದು ಹಕ್ಕಿಯ ಮೇಲಲ್ಲ, ತೊಳೆಯುವುದರ ಮೇಲೆ. ಕಾಳು ಹಾಕಲು ತೆಂಗಿನ ಚಿಪ್ಪು ಎರಡು ಜೊತೆ. ಒಂದು ಜೊತೆ ಮರದಲ್ಲಿದ್ದರೆ ಇನ್ನೊಂದು ಜೊತೆ ಬೂದಿಯಲ್ಲಿ ಉಜ್ಜಿಸಿಕೊಂಡು, ಕುದಿಯುವ ನೀರಲ್ಲಿ ಮುಳುಗಿ, ಬಿಸಿಲಲ್ಲಿ ಬೋರಲು ಬಿದ್ದಿರುತ್ತಿತ್ತು. ಒಂದೇ ಕಡೆ ರಾಶಿ ಸುರಿಯುವ ಹಾಗಿಲ್ಲ, ಗುಂಪು ಕಟ್ಟುತ್ತವೆ. ಸಂಜೆ ಮಿಕ್ಕದ್ದನ್ನು ಬಿಡುವ ಹಾಗಿಲ್ಲ, ಇಲಿ ಬರುತ್ತದೆ. ಕುಡಿಯುವ ನೀರಲ್ಲಿ ಒಂದು ಹಿಕ್ಕೆ ಕಂಡರೆ ಬಟ್ಟಲು ಮತ್ತೆ ಒಲೆಯ ಹತ್ತಿರ.

“ಈ ಮನೇಲಿ ಅಕ್ಕಿ ಆಗಿ ಉಟ್ಬೇಕಿತ್ತು ಕಣವ್ವ ನಾನು,” ಅನ್ನುತ್ತಿದ್ದರು ರೈಟ್ರಮ್ಮ, ಬೂದಿಯಲ್ಲಿ ಮೊಣಕೈವರೆಗೆ ಮುಳುಗಿ. “ಜ್ವರ ಬಂದ್ರೆ ಬಿಸಿನೀರಾದ್ರೂ ಸಿಕ್ಕೋದು.”

ಒಂದು ದಿನ ಉಳಿದ ಹುಳಿಯನ್ನವನ್ನು ನಾನು ಬೇಲಿಯಾಚೆ ಎಸೆದೆ. ಠಣ್ ಅಂತ ಬಡಿಯುವುದು ನಿಂತಿತು.

“ಏನಮ್ಮಾ ಅದು?”

“ಅನ್ನ ಕಣ್ರೀ. ನಿಮ್ ಅಕ್ಕಿ ತಿನ್ಲಿ ಅಂತ.”

“ಉಪ್ಪೈತೆ, ಉಳಿ ಐತೆ, ನೆನ್ನೇದು ಬೇರೆ. ಅವ್ಕೆ ಆಗಲ್ಲ.”

“ನಮ್ಮನೆ ಗಂಡಸ್ರಿಗೆ ಆಯ್ತದೆ, ನಿಮ್ ಗುಬ್ಬಿಗೆ ಆಗಲ್ವಾ?”

“ನಿಮ್ಮನೆ ಗಂಡಸ್ರು ನನ್ ಜವಾಬ್ದಾರಿ ಅಲ್ಲ,” ಅಂದು, ಒಂದೊಂದೇ ಅಗುಳನ್ನು ಆಯ್ದು ತಂದು ಬೇಲಿಯ ನಮ್ಮ ಕಡೆಗೆ ಹಾಕಿದರು. ನನ್ನ ಕೋಳಿ ತಿಂದವು.

ನನ್ನ ಕೋಳಿ ಕಂಡರೂ ಅವರಿಗೆ ಆಗುತ್ತಿರಲಿಲ್ಲ. ಕೋಳಿಗೆ ಬರುವ ರೋಗವೆಲ್ಲ ಅವರ ಹಕ್ಕಿಗೆ ಅಂಟುತ್ತದಂತೆ. ನಿಮ್ಮ ಗುಬ್ಬಿ ತಂದದ್ದು ನನ್ನ ಕೋಳಿಗೆ ಅಂಟುವುದಿಲ್ಲವೋ ಅಂದರೆ ಅದಕ್ಕೂ ಹೌದು ಅನ್ನುವರು. ಜಗಳಕ್ಕೆ ಆಗುವ ಮನುಷ್ಯನೂ ಅಲ್ಲ. ಒಂದು ಸಲ ಗುಬ್ಬಿಯೊಂದು ಹಗಲು ಹೊತ್ತಿನಲ್ಲೇ ಪುಕ್ಕ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿತ್ತು. ರೈಟರು ನೋಡಿದವರೇ ಚಿಪ್ಪುಗಳನ್ನೆಲ್ಲ ಬಿಚ್ಚಿದರು, ಹಾರೆಗೆ ಗೋಣಿ ಸುತ್ತಿದರು. ಕಾಳು ಬಂದ್. ಉಳಿದ ಹಕ್ಕಿಗಳು ಬಂದು ಮರದಲ್ಲಿ ಕೂತು ಒಂದೇ ಸಮ ಕೂಗಿದವು.

“ಪಾಪ ಅನ್ಸಲ್ವಾ ನಿಮ್ಗೆ?” ಅಂದರು ರೈಟ್ರಮ್ಮ.

“ಇಲ್ಲಿ ಗುಂಪು ಸೇರಿದ್ರೆ ಒಂದ್ರದ್ದು ಇನ್ನೊಂದ್ಕೆ ಅಂಟ್ತದೆ. ಚದುರ್ಲಿ. ಅಷ್ಟ್ ದೊಡ್ ಕಾಡೈತೆ, ನಾನ್ ಉಟ್ಟೋಕ್ ಮುಂಚೆ ಉಪಾಸ ಇದ್ವಾ?”

ಹೆತ್ತ ಮಕ್ಕಳ ಹಾಗೆ ಅಂದವರು ಆ ದಿನ ಬಂದು ನೋಡಬೇಕಿತ್ತು.

ಕಾಳು ಬರುತ್ತಿದ್ದದ್ದು ಬಾಳ್ಳುಪೇಟೆಯ ಲಾರಿ ಸಾಬರಿಂದ. ಅವರ ಲಾರಿ ಮಂಗಳೂರಿನ ದಾರಿಯಲ್ಲಿ ಓಡಾಡುತ್ತಿತ್ತು. ಮೂಟೆ ಇಳಿಸಿದ ಮೇಲೆ ಲಾರಿಯ ನೆಲದಲ್ಲಿ ಉಳಿದದ್ದನ್ನು ಗುಡಿಸಿ ಕೊಡುತ್ತಿದ್ದರು. ರೈಟರು ಅದನ್ನು ಜರಡಿ ಹಿಡಿದು, ಒಣಗಿಸಿ, ಆಮೇಲೆ ಚಿಪ್ಪಿಗೆ ಹಾಕುವುದು. ಒಂದು ಮಳೆಗಾಲ ಒಣಗಿಸದೆ ಹಾಕಿದ್ದರು. ಕಾಳಿಗೆ ಬೂಷ್ಟು ಬಂದಿತ್ತು. ತಿಂದ ಬೆಳವ ಹಕ್ಕಿಗಳು ಸೀಬೆ ಮರದ ಬುಡದಲ್ಲಿ ರೆಕ್ಕೆ ಚಾಚಿ ಸತ್ತುಬಿದ್ದವು. ರೈಟರು ಸುಣ್ಣ ಹಾಕಿ ಹೂತರು. ಅಂದಿನಿಂದ ಪ್ರತಿ ಹಿಡಿ ಕಾಳನ್ನೂ ನಶ್ಯ ಏರಿಸುವವರ ಹಾಗೆ ಮೂಗಿಗೆ ಹಿಡಿದು ಮೂಸುವ ಚಾಳಿ ಬಂತು. ಮನೆಯಲ್ಲಿ ಅನ್ನಕ್ಕೆ ಇಡುವ ಅಕ್ಕಿಯನ್ನೂ ಮೂಸುವರು. ಹೆಂಡತಿಯ ಅಡಿಗೆ ಮೂಸುವ ಗಂಡನೊಂದಿಗೆ ಬಾಳಿದ ರೈಟ್ರಮ್ಮನ ಬಗ್ಗೆ ಯಾರೂ ತಿಥಿಯಲ್ಲಿ ಒಂದು ಒಳ್ಳೆಯ ಮಾತು ಆಡಲಿಲ್ಲ.

ಆಮೇಲೆ ಒಂದು ಮಳೆಗಾಲ ಲಾರಿ ಘಾಟಿಯಲ್ಲಿ ಕೆಟ್ಟು ನಿಂತು, ಟಾರ್ಪಾಲು ಹರಿದು, ಎರಡು ಮೂಟೆ ಅಕ್ಕಿ ನೆನೆಯಿತು. ಅಂಗಡಿಯವನು ಬೇಡ ಅಂದ. ನಿಮ್ಮ ಹಕ್ಕಿಗಾದರೂ ಆಗಲಿ ಎಂದು ಸಾಬರು ತಂದು ಇಳಿಸಿದರು. ರೈಟರು ಕೈ ತೂರಿಸಿ ಮೂಟೆಯ ನಡುವಿಂದ ಒಂದು ಹಿಡಿ ತೆಗೆದು ಮೂಸಿದರು. ಮುಖ ಕಿವಿಚಿಕೊಂಡಿತು. ಬಾಯಿ ಹೊಲಿದು, ಮೂಟೆಯ ಮೇಲೆ ಇದ್ದಲಲ್ಲಿ ‘ಕಂಡಮ್’, ಅಂದರೆ ಉಪಯೋಗಕ್ಕೆ ಬಾರದ್ದು, ಎಂದು ಬರೆದು, ಹಿಂದಿನ ಕೋಣೆಯಲ್ಲಿಟ್ಟರು. ಆ ಕೋಣೆಗೆ ಅವರು ಸ್ಟೋರ್ ಅನ್ನುತ್ತಿದ್ದರು.

“ಕೆಟ್ಟಿದ್ರೆ ಬಿಸಾಕ್ಬಾರ್ದಾ?” ಅಂದರು ರೈಟ್ರಮ್ಮ.

“ಅಂಗೆಲ್ಲ ಬಿಸಾಕಕ್ಕಾಗಲ್ಲ. ಕಂಡಮ್ ಮಾಲು ದೊರೆ ಬಂದು ನೋಡೋಗಂಟ ಸ್ಟೋರಲ್ಲೇ ಇರ್ಬೇಕು.”

“ಯಾವ್ ದೊರೆ? ನಿಮ್ ದೊರೆ ಬಿಲಾತಿಗೆ ಓಗಿ ಯಾವ್ ಕಾಲಾಯ್ತು!”

ದೊರೆ ಇಲ್ಲ, ಎಸ್ಟೇಟೂ ಇಲ್ಲ, ಆದರೆ ಯಾರಾದರೂ ಮೇಲಿನವರು ಬಂದು ನೋಡದೆ ಹಾಳಾದ ಮಾಲನ್ನು ಹೊರಗೆ ಹಾಕಲು ಆ ಮನುಷ್ಯನ ಕೈ ಏಳುತ್ತಿರಲಿಲ್ಲ. ಹೀಗೆ ಆ ಎರಡು ಮೂಟೆ ಅಲ್ಲೇ ಕೂತವು.

ಅಷ್ಟರಲ್ಲಿ ಅಕ್ಕಿಗೆ ಬರ ಬಂತು. ರೇಷನ್ ಅಂಗಡಿಯಲ್ಲಿ ಅಕ್ಕಿ ಅನ್ನುವುದು ಹಬ್ಬದ ಮಾತಾಯಿತು. ಅಮೆರಿಕದಿಂದ ಬಂತೆಂದು ಕೆಂಪು ಜೋಳ ಕೊಟ್ಟರು. ರೊಟ್ಟಿ ತಟ್ಟಿದರೆ ಒಡೆಯುತ್ತಿತ್ತು, ಮುದ್ದೆ ಮಾಡಿದರೆ ಅಂಟುತ್ತಿತ್ತು. ಮಕ್ಕಳು ಅನ್ನ ಅನ್ನ ಎಂದು ರಚ್ಚೆ ಹಿಡಿದವು. ಯಾರ ಮನೆಯಲ್ಲಿ ಎಷ್ಟು ಅಕ್ಕಿ ಬಚ್ಚಿಟ್ಟಿದ್ದಾರೆ ಎಂದು ನೋಡಲು ಫುಡ್ ಇನ್ಸ್‌ಪೆಕ್ಟರ್ ಒಬ್ಬರು ಜೀಪಿನಲ್ಲಿ ತಿರುಗತೊಡಗಿದರು. ಕರಾವಳಿಯವರು, ಹೊಸಬರು. ಅವರ ಬಾಯಲ್ಲಿ ‘ಹ’ ಗಟ್ಟಿಯಾಗಿತ್ತು. ನಮ್ಮ ಮಳೆಗೆ ಮೂಗು ಮಾತ್ರ ಕಟ್ಟಿಹೋಗಿತ್ತು.

ರೈಟರು ಬಾಳ್ಳುಪೇಟೆಯ ಹೋಟಲಿನಲ್ಲಿ ಕೂತು, “ನಮ್ ಇತ್ಲಲ್ಲಿ ಬೇಕಾದಷ್ಟು ಅಕ್ಕಿ. ಬೆಳಿಗ್ಗೆ ಎದ್ರೆ ಅದೇ ಕೆಲ್ಸ” ಎಂದು ಜಂಬ ಕೊಚ್ಚಿದ್ದು ಇನ್ಸ್‌ಪೆಕ್ಟರ ಕಿವಿಗೆ ಬಿದ್ದಿತ್ತು. ಬಂದರು. ರೈಟ್ರಮ್ಮ ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದರು. ನಾನು ಬೇಲಿಯ ಈಚೆ ಪಾತ್ರೆ ಬೆಳಗುತ್ತಿದ್ದೆ.

“ನಿಮ್ಮ ಹಿತ್ತಲಲ್ಲಿ ಅಕ್ಕಿ ಉಂಟಂತೆ?” ಅಂದರು ಇನ್ಸ್‌ಪೆಕ್ಟರು.

“ಅಯ್ಯೋ, ಅದ್ನ ಯಾಕ್ ಕೇಳ್ತೀರಾ ಸ್ವಾಮಿ. ಅದ್ರಿಂದ್ಲೇ ನನ್ ಜೀವ ಓಗ್ತಾ ಐತೆ.”

“ಎಷ್ಟು ಉಂಟು?”

“ಲೆಕ್ಕ ಇಟ್ಟೋರ್ಯಾರು? ಬೆಳಿಗ್ಗೆ ಬತ್ತವೆ, ಸಂಜೆಗೆ ಓಯ್ತವೆ.”

ಇನ್ಸ್‌ಪೆಕ್ಟರ ಹುಬ್ಬು ಮೇಲಕ್ಕೆ ಹೋಯಿತು. “ಎಲ್ಲಿಂದ ಬರುವುದು?”

“ಎಲ್ಲಿಂದ್ಲೋ. ಘಾಟಿ ಕಡೆಯಿಂದ್ಲೂ ಬತ್ತವೆ.”

“ಯಾರು ತರುವುದು?”

“ತರೋದೇನು? ಅವೇ ಬತ್ತವೆ.”

“ಯಾವ ಜಾತಿಯದ್ದು?”

“ಎಲ್ಲ ಜಾತೀವೂ ಅವೆ. ಸಣ್ಣವು, ದಪ್ಪವು, ಕೆಂಪ್ನವು. ಕರೇವೂ ಅವೆ, ಅವು ಬಲು ಕೆಟ್ಟವು.”

“ಮಾರುವುದುಂಟಾ?”

“ಮಾರೋದಾ! ಮುಟ್ಟಾಕ್ ಬಿಡಲ್ಲ ನಮ್ಮನೆಯೋರು.”

“ಈ ಮಳೆಯಲ್ಲಿ ಹುಳ ಹಿಡಿಯುವುದಿಲ್ಲವಾ?”

“ಇಡೀತವೆ ಸ್ವಾಮಿ. ಇಡ್ಕಂಡು ಅಲ್ಲೇ ತಿಂದಾಕ್ತವೆ.”

ನಾನು ನಡುವೆ ಬಾಯಿ ಹಾಕಲಿಲ್ಲ. ಸರ್ಕಾರ ಹಕ್ಕಿಗಳ ಗಣತಿ ಶುರುಮಾಡಿದೆ ಅಂದುಕೊಂಡೆ. ಜನಕ್ಕೆ ಅನ್ನ ಇಲ್ಲದ ಕಾಲದಲ್ಲಿ ಸರ್ಕಾರ ಗುಬ್ಬಿ ಲೆಕ್ಕ ಹಾಕಲು ಜೀಪು ಕಳಿಸಿದರೆ ಆಶ್ಚರ್ಯವೇನೂ ಇರಲಿಲ್ಲ.

ಮಾತು ಕೇಳಿ ರೈಟರು ಒಳಗಿಂದ ಬಂದರು. ತಮ್ಮ ಹಕ್ಕಿ ನೋಡಬೇಕೆಂದು ಒಬ್ಬ ಆಫೀಸರು ಜೀಪಿನಲ್ಲಿ ಬಂದದ್ದು ಅವರ ಜನ್ಮದಲ್ಲಿ ಅದೇ ಮೊದಲು. “ಬನ್ನಿ ಸ್ವಾಮಿ, ತೋರಿಸ್ತೀನಿ” ಎಂದು ಹಿತ್ತಲಿಗೆ ಕರೆದುಕೊಂಡು ಹೋಗಿ ಹಾರೆ ಬಡಿದರು. ಇಡೀ ಆನೇಮಹಲಿನ ಹಕ್ಕಿ ಬಂದು ಇನ್ಸ್‌ಪೆಕ್ಟರ ಸುತ್ತ ಇಳಿದವು. ಒಂದು ಗೊರವಂಕ ಅವರ ಬೂಟಿನ ಮೇಲೇ ನಿಂತಿತು.

“ಇದೆಂತದ್ದು ಮಾರಾಯ್ರೆ?”

“ಅಕ್ಕಿ.”

ಇನ್ಸ್‌ಪೆಕ್ಟರು ಬೂಟು ಒದರಿ ಗೊರವಂಕವನ್ನು ಓಡಿಸಿದರು. ಆಮೇಲೆ, “ಹಕ್ಕಿ! ಹ! ಹ! ಹಕ್ಕಿ!” ಅಂದರು. ನಗುತ್ತಿದ್ದಾರೋ ಬೈಯುತ್ತಿದ್ದಾರೋ ನಮಗೆ ತಿಳಿಯಲಿಲ್ಲ. ತಲೆ ಕೊಡವಿಕೊಂಡು ಹೊರಟೇಬಿಟ್ಟಿದ್ದರು. ಹೊರಡುವಾಗ ಕಣ್ಣು ಸ್ಟೋರಿನ ಬಾಗಿಲಿಗೆ ಬಿತ್ತು. ಬಾಗಿಲು ತೆರೆದಿತ್ತು.

“ಆ ಮೂಟೆಯಲ್ಲಿ ಎಂತ ಉಂಟು?”

“ಅಕ್ಕಿ.”

“ಯಾವ ಅಕ್ಕಿ?” ಈಗ ಅವರು ಹುಷಾರಾಗಿದ್ದರು.

“ಅಕ್ಕಿಗೂ ಆಗ್ದಿರೋ ಅಕ್ಕಿ ಸ್ವಾಮಿ,” ಅಂದರು ರೈಟರು.

ಎರಡು ಮೂಟೆ ಅಕ್ಕಿ! ಗಾಳಿ ಸುದ್ದಿಯನ್ನು ಎತ್ತಿಕೊಂಡು ಹೋಯಿತೇನೋ, ನಮ್ಮ ಓಣಿಯವರೆಲ್ಲ ಮೊರ, ಚೀಲ ಹಿಡಿದು ಬಂದು ನಿಂತರು. ನಾನೂ ನಿಂತೆ. ಇನ್ಸ್‌ಪೆಕ್ಟರು ಮೂಟೆಗಳನ್ನು ಅಂಗಳಕ್ಕೆ ಎಳೆಸಿ ಬಾಯಿ ಬಿಚ್ಚಿಸಿದರು. ಮೇಲೆ ಮೇಲೆ ಅಕ್ಕಿ ಬೆಳ್ಳಗೇ ಇತ್ತು. ಇದನ್ನು ಜಪ್ತಿ ಮಾಡಿ ಇವತ್ತೇ ರೇಷನ್ ಅಂಗಡಿಯಲ್ಲಿ ಕಾರ್ಡಿನವರಿಗೆಲ್ಲ ಹಂಚಿಸುತ್ತೇನೆ ಅಂದರು. ಜನ ಕೈ ಮುಗಿಯಿತು.

“ಬೂಷ್ಟೈತೆ ಸ್ವಾಮಿ. ಬೆಳವ ಸತ್ತಿದ್ವು ಇಂಥದ್ರಲ್ಲಿ,” ಅಂದರು ರೈಟರು. “ಮೂಸಿ ನೋಡಿ.”

“ನನಗೆ ಶೀತ ಮಾರಾಯ್ರೆ. ಒಂದು ವಾರದಿಂದ ಎಂತದರ ವಾಸನೆಯೂ ಇಲ್ಲ.”

“ತಿಂದ್ರೆ ಉಳಿಯಲ್ಲ.”

“ತೊಳೆದು ತಿಂದರಾಯ್ತು. ಹಕ್ಕಿಗೆ ತೊಳೆದು ತಿನ್ನಲಿಕ್ಕೆ ಗೊತ್ತಿಲ್ಲ, ಸತ್ತವು. ಮನುಷ್ಯರಿಗೆ ಗೊತ್ತುಂಟು.”

ರೈಟರು ನಮ್ಮ ಕಡೆ ತಿರುಗಿದರು. “ತಗಬ್ಯಾಡ್ರಿ. ಮಕ್ಳಿಗೆ ಇಕ್ಬ್ಯಾಡ್ರಿ.”

“ನಿಮ್ ಗುಬ್ಬಿ ಒಟ್ಟೆ ಅಲ್ಲ ರೈಟ್ರೇ ನಮ್ದು,” ಅಂದೆ ನಾನು. “ಕಲ್ ಕರಗ್ಸೋ ಒಟ್ಟೆ.”

“ಇಷ್ಟ್ ದಿನ ಬಚ್ಚಿಟ್ಟು ಈಗ ವಿಷ ಅಂತಾನೆ ನೋಡು,” ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ನೊಬ್ಬ ಮೂಟೆಗೆ ಕೈ ಹಾಕಿ ಎಳೆದ. ಒಂದು ಮೊರದಷ್ಟು ಅಕ್ಕಿ ನಮ್ಮ ಬೇಲಿಯ ಕಡೆ ಚೆಲ್ಲಿತು. “ಕೋಳಿ ಕೂಡಾಕಮ್ಮ!” ಎಂದು ರೈಟರು ನನಗೆ ಕೂಗಿದರು. ಕೋಳಿ ನೆನಪು ಯಾರಿಗೆ? ನನ್ನ ಕಣ್ಣು ಮೂಟೆಯ ಮೇಲಿತ್ತು.

ರೈಟರು ಒಳಗೆ ಹೋದರು. ಸೋತರು ಅಂದುಕೊಂಡೆವು. ಹೊರಗೆ ಬಂದಾಗ ಕೈಯಲ್ಲಿ ಬಕೆಟ್ಟಿತ್ತು. ಹಿತ್ತಲ ನಾಲ್ಕು ಕಾಫಿ ಗಿಡಕ್ಕೆ ಹೊಡೆಯಲು ಮೈಲುತುತ್ತ ಕಲಸಿಟ್ಟಿದ್ದರು. ಇನ್ಸ್‌ಪೆಕ್ಟರು ಬೇಡ ಅನ್ನುವುದರೊಳಗೆ ಅದನ್ನು ಎರಡು ಮೂಟೆಗೂ ಸಮನಾಗಿ ಸುರಿದುಬಿಟ್ಟರು. ಅಳತೆ ತಪ್ಪಲಿಲ್ಲ. ಬಿಳಿ ಅಕ್ಕಿ ನಮ್ಮ ಕಣ್ಣೆದುರೇ ನೀಲಿಯಾಯಿತು. ಕಾಫಿ ಸೀಮೆಯಲ್ಲಿ ಆ ನೀಲಿ ವಿಷ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ತೊಳೆದು ತಿನ್ನೋಣ ಎಂದು ಒಬ್ಬರೂ ಅನ್ನಲಿಲ್ಲ.

ಎಂಥೆಂಥ ಬೈಗುಳ ಹುಟ್ಟಿದವು ಆ ದಿನ! ಅನ್ನಕ್ಕೆ ವಿಷ ಹಾಕಿದವನು, ನಿನ್ನ ಕೈ ಸೇದಿಹೋಗಲಿ. ನಾನೂ ಬೈದೆ, ಗಂಟಲು ಹರಿಯುವಂತೆ ಬೈದೆ. ಮನೆಯಲ್ಲಿ ಮಕ್ಕಳು ಅನ್ನ ಎಂದು ಅಳುತ್ತಿದ್ದವು, ಹೊಗಳಲೇ? ಇನ್ಸ್‌ಪೆಕ್ಟರು ಮುಖ ಕೆಂಪಗೆ ಮಾಡಿಕೊಂಡು ಜೀಪು ಹತ್ತು ಅಂದರು. ರೈಟರು ಹತ್ತಲಿಲ್ಲ. ಗುಂಡಿ ತೋಡಿದರು, ನೀಲಿ ಅಕ್ಕಿಯನ್ನು ಸುರಿದರು, ಮಣ್ಣು ಮುಚ್ಚಿ ಮೇಲೆ ಕಲ್ಲು ಇಟ್ಟರು.

“ಇನ್ನೂ ಎಂತ ಮಾಡುವುದು ಅಲ್ಲಿ?” ಅಂದರು ಇನ್ಸ್‌ಪೆಕ್ಟರು.

“ಅಂಗೇ ಬಿಟ್ರೆ ಅಕ್ಕಿ ಬಂದು ತಿಂತವೆ ಸ್ವಾಮಿ.”

“ಯಾವ ಅಕ್ಕಿ ಮಾರಾಯ್ರೆ, ಇನ್ನು ಯಾವ ಅಕ್ಕಿ!” ಎಂದು ಅವರು ಹಣೆ ಹಣೆ ಬಡಿದುಕೊಂಡರು.

ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸಿ ಬಿಟ್ಟರು. ಅವರ ಕಾರ್ಡಿಗೆ ಅಕ್ಕಿ ನಿಲ್ಲಿಸಿದರು. ಊರು ಅದಕ್ಕಿಂತ ಹೆಚ್ಚಿನದನ್ನು ನಿಲ್ಲಿಸಿತು. ಅವರ ಹೆಸರು ನೀಲಿ ರೈಟರು ಎಂದಾಯಿತು. ಬಾವಿಯ ಹತ್ತಿರ ರೈಟ್ರಮ್ಮ ಬಂದರೆ ಹೆಂಗಸರು ಹಗ್ಗ ಎತ್ತಿಕೊಂಡು ಹೋಗುವರು. ಆಕೆ ಏನು ಮಾಡಿದ್ದರು? ಸೊಪ್ಪು ಸೋಸಿದ್ದರು. ಬೆಳಿಗ್ಗೆ ಹಾರೆ ಮಾತ್ರ ಠಣ್ ಅನ್ನುತ್ತಲೇ ಇತ್ತು. ತಮ್ಮ ಪಾಲಿನ ಕೆಂಪು ಜೋಳವನ್ನೇ ಒಡೆದು ಹಾಕುತ್ತಿದ್ದರು. ಅಮೆರಿಕದ ಜೋಳ ಗುಬ್ಬಿಗೂ ಹಿಡಿಸಲಿಲ್ಲ. ಮನುಷ್ಯರಷ್ಟು ಗೊಣಗಲಿಲ್ಲ, ಅಷ್ಟೇ.

ಚೆಲ್ಲಿದ ಬಿಳಿ ಅಕ್ಕಿಯನ್ನು ನನ್ನ ಕೋಳಿಗಳು ಹೆಕ್ಕಿದ್ದವು. ಮೊದಲು ಪಿಳ್ಳೆಗಳು ಮುದುರಿ ಕೂತವು. ಆಮೇಲೆ ಹೇಂಟೆಗಳು ರೆಕ್ಕೆ ಇಳಿಬಿಟ್ಟು, ಮೇವು ಬಿಟ್ಟು, ಒಂದರ ಹಿಂದೊಂದು ಹೋದವು. ಕೊನೆಗೆ ಹುಂಜ. ಅದು ಬೆಳಿಗ್ಗೆ ಕೂಗಲು ಕತ್ತು ಎತ್ತಿ, ಕೂಗದೆ ಮಗುಚಿಕೊಂಡಿತು. ಸತ್ತವನ್ನು ಸಾಲಾಗಿ ಮಲಗಿಸಿ ನೋಡುತ್ತಾ ನಿಂತಿದ್ದೆ. ನನಗೆ ಕಾಣುತ್ತಿದ್ದದ್ದು ಕೋಳಿಯಲ್ಲ. ಅಂದು ಆ ಅಕ್ಕಿ ಚೀಲಕ್ಕೆ ಬಿದ್ದಿದ್ದರೆ ರಾತ್ರಿಗೇ ಅನ್ನ ಮಾಡಿ ಮೊದಲು ಚಿಕ್ಕವನ ತಟ್ಟೆಗೆ ಹಾಕುತ್ತಿದ್ದೆ.

ರೈಟರು ಬೇಲಿಗೆ ಬಂದರು. “ಕೂಡಾಕು ಅಂತ ಕೂಗ್ದೆ. ಕೇಳ್ಲಿಲ್ಲ ನೀವು.”

“ಸಾರು ಮಾಡ್ಬೌದಾ?” ಅಂದೆ.

“ಗುಂಡಿ ತೆಗ್ದು ಸುಣ್ಣ ಆಕಿ ಮುಚ್ಚಿ. ಆ ಜಾಗ ಬೂದಿ ಆಕಿ ತೊಳೀರಿ. ಕೋಳಿ ಬಟ್ಲು ಬಿಸಾಕಿ.”

“ಅಲ್ಲ ರೈಟ್ರೇ, ನಮ್ಮನೆ ಗಂಡಸ್ರು ನಿಮ್ ಜವಾಬ್ದಾರಿ ಅಲ್ಲ ಅಂದಿದ್ರಿ, ಮತ್ಯಾಕ್ ತಡೆದ್ರಿ?”

“ಈಗ್ಲೂ ಅಲ್ಲ,” ಅಂದರು. “ಮಾಲು ನನ್ ಸ್ಟೋರಿಂದು.”

ಅಷ್ಟು ಹೇಳಿ ಸುಣ್ಣದ ಡಬ್ಬಿ ಬೇಲಿಯ ಮೇಲಿಟ್ಟು ಹೋದರು. ಡಬ್ಬಿ ತೊಳೆದು ವಾಪಸು ಕೊಡಿ ಎಂದು ಒಳಗಿಂದ ಕೂಗಿದರು.

ನಾನು ರೇಷನ್ ಅಂಗಡಿಯ ಮುಂದೆ ನಿಂತು ಕೋಳಿ ಸತ್ತದ್ದನ್ನು ಎಲ್ಲರಿಗೂ ಹೇಳಿದೆ. “ಮಳೆಗಾಲದಲ್ಲಿ ಕೋಳಿಗೆ ರೋಗ ಬರಲ್ವೇನವ್ವ?” ಅಂದರು. ಬೈದ ಬಾಯಿಗೆ ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ಬಾವಿಯ ಹಗ್ಗವನ್ನು ಮಾತ್ರ ನಾನು ರೈಟ್ರಮ್ಮನ ಕೈಗೇ ಕೊಡುತ್ತಿದ್ದೆ. ವರ್ಷ ಕಳೆದ ಹಾಗೆ ಊರಿಗೆ ಅಕ್ಕಿ ಬಂತು, ಹೊಟ್ಟೆ ತುಂಬಿತು, ನೀಲಿ ಬಣ್ಣ ಅಳಿಸಿಹೋಯಿತು. ಅಂದು ಕೈ ಸೇದಿಹೋಗಲಿ ಅಂದವರೇ ತಿಥಿಯಲ್ಲಿ ದೇವರಂಥ ಮನುಷ್ಯ ಅಂದದ್ದು.

ಅನ್ನ ಬಡಿಸಿಕೊಂಡು ಬಂದರು. ನಾನು ಒಂದು ತುತ್ತು ಎತ್ತಿ ಮೂಗಿಗೆ ಹಿಡಿದೆ. ಆ ಕೋಳಿ ಹೂತ ದಿನದಿಂದ ಅಂಟಿದ ಚಾಳಿ, ಮನೆಯಲ್ಲಿ ಸೊಸೆಯರು ಬೈಯುತ್ತಾರೆ.

“ತಿಥಿ ಅನ್ನ ಯಾರಾದ್ರೂ ಮೂಸ್ತಾರಾ ಅಜ್ಜಿ? ರೈಟ್ರಿಗೆ ಬೇಜಾರಾಯ್ತದೆ,” ಅಂದ ಪಕ್ಕದ ಎಲೆಯವನು.

“ಮೂಸ್ದೆ ತಿಂದ್ರೆ ಬೇಜಾರಾಯ್ತದೆ,” ಅಂದೆ. ಅನ್ನ ಚೆನ್ನಾಗಿತ್ತು. ಸಾರು ಹಾಕಿಸಿಕೊಂಡೆ.